ಕಾಯುವ ಫೋನು

ಜೂನ್ ೫

ಹದಿನೇಳನೆಯ ನಿಮಿಷಕ್ಕೆ ಫೋನು ಆರಿಹೋಯಿತು. ಮೊದಲು ಪರದೆ ಮಬ್ಬಾಯಿತು. ಆಮೇಲೆ ಆಟದೊಳಗಿನ ನನ್ನ ಆಳು ನದಿಯ ನಡುವೆ ಎತ್ತಿದ ಕಾಲು ಇಳಿಸದೆ ನಿಂತ. ಆಮೇಲೆ ಕಪ್ಪು. ಕಪ್ಪಿನಲ್ಲಿ ನನ್ನ ಮುಖ. ಮತ್ತೆ ಹೊತ್ತಿಸುವಷ್ಟರಲ್ಲಿ ಆಟ ಮುಗಿದಿತ್ತು, ನಾವು ಸೋತಿದ್ದೆವು.

ಮಗಳು ರೂಯಿನ್ ಕರೆ ಮಾಡಿದಳು.

"ಎಲ್ಲಪ್ಪಾ ಸತ್ತೋಗಿದ್ದೆ?"

"ಫೋನು ಕಾದುಬಿಡ್ತು ಮಗಾ."

"ಯಾವಾಗ್ಲೂ ಅದೇ ಕಥೆ. ಮರದ ಬೊಂಬೆ ಥರ ನಿಂತಿದ್ದೆ ನೀನು. ಆ ಕಡೆಯವರು ನಿನ್ನ ಸುತ್ತ ಡ್ಯಾನ್ಸ್ ಮಾಡ್ಬಿಟ್ಟು ಹೋದ್ರು. ನಂಗೆಷ್ಟು ಮರ್ಯಾದೆ ಹೋಯ್ತು ಗೊತ್ತಾ?"

"ನಾಳೆ ಸರಿ ಮಾಡ್ತೀನಿ."

"ನಿನ್ನೇನೂ ಇದನ್ನೇ ಹೇಳ್ದೆ."

ಅವಳಿಗೆ ಹದಿಮೂರು. ತಾಯಿಯ ಜೊತೆ ತೈಚುಂಗಿನಲ್ಲಿದ್ದಾಳೆ. ನಾನು ಇಲ್ಲಿ, ತೈವಾನಿನ ದಕ್ಷಿಣಕ್ಕೆ, ಡೊಂಗ್‌ಗಾಂಗಿನ ಬಂದರಿನಲ್ಲಿ. ನಾಲ್ಕು ವರ್ಷದಿಂದ ಹೀಗೆ. ಮೊದಲ ಮೂರು ವರ್ಷ ಭಾನುವಾರ ಕರೆ ಮಾಡುತ್ತಿದ್ದೆ. ಊಟ ಆಯಿತಾ, ಆಯಿತು. ಶಾಲೆ ಹೇಗಿದೆ, ಇದೆ. ಆಮೇಲೆ ಒಬ್ಬರ ಉಸಿರನ್ನು ಒಬ್ಬರು ಕೇಳಿಸಿಕೊಳ್ಳುವುದು. ಈ ಸಲ ಹೊಸ ವರ್ಷದ ರಜೆಗೆ ಬಂದಾಗ ಅವಳೇ ಈ ಆಟವನ್ನು ನನ್ನ ಫೋನಿಗೆ ಇಳಿಸಿದಳು. ಐವರ ವಿರುದ್ಧ ಐವರು, ಎರಡು ಕಡೆ ಗೋಪುರಗಳು, ನಡುವೆ ಒಂದು ನದಿ. ನನಗೆ "ಮೈನಸ್ ಅರವತ್ತು" ಎಂದು ಹೆಸರಿಟ್ಟಳು. ನಾನು ಕೆಲಸ ಮಾಡುವ ಟ್ಯೂನಾ ಮೀನಿನ ಶೀತಕೋಠಿಯ ಉಷ್ಣತೆ ಅದು. ತನಗೆ "ಕಲ್ಲಂಗಡಿ ಸಿಪ್ಪೆ" ಎಂದು ಇಟ್ಟುಕೊಂಡಳು. ನನ್ನದು ಗುರಾಣಿ ಹಿಡಿದವನ ಪಾತ್ರ. "ನೀನೇನೂ ಯೋಚ್ನೆ ಮಾಡ್ಬೇಡ. ಮುಂದೆ ನಿಂತ್ಕೊಂಡು ಏಟು ತಿನ್ನು, ಅಷ್ಟೆ," ಎಂದಳು.

ಸಂಜೆ ಏಳೂವರೆಯಿಂದ ಎಂಟು. ಆಡುವಾಗ ಧ್ವನಿ ತೆರೆದಿರುತ್ತದೆ. ಕೈಗೆ ಕೆಲಸವಿದ್ದಾಗ ಅವಳ ಬಾಯಿ ತೆರೆಯುತ್ತದೆ ಎಂಬುದು ನನಗೆ ಆಗ ತಿಳಿಯಿತು. ಗೆಳತಿಯ ಜಗಳ, ಗಣಿತದ ಮೇಷ್ಟರ ವಿಗ್ಗು, ಹೊಟ್ಟೆನೋವು, ಎಲ್ಲವನ್ನೂ ಯುದ್ಧದ ನಡುವೆ ಹೇಳುತ್ತಾಳೆ. ಈ ಅರ್ಧ ಗಂಟೆ ಹೋದರೆ ನಮ್ಮಿಬ್ಬರ ನಡುವೆ ಉಳಿಯುವುದು ಭಾನುವಾರದ ಉಸಿರು ಮಾತ್ರ.

ಕಚೇರಿಯಿಂದ ಖಾಲಿ ಲಾಗ್ ಪುಸ್ತಕ ಒಂದನ್ನು ತಂದಿದ್ದೇನೆ. ಕೋಠಿಯ ಉಷ್ಣತೆಯನ್ನು ಎರಡು ಗಂಟೆಗೊಮ್ಮೆ ಬರೆಯುವುದು ನನ್ನ ಕೆಲಸ. ಬರೆದದ್ದು ಹತೋಟಿಗೆ ಬರುತ್ತದೆ ಎಂಬುದು ಇಪ್ಪತ್ತೊಂದು ವರ್ಷದ ಅನುಭವ. ಇನ್ನು ಫೋನಿನದನ್ನೂ ಬರೆಯುತ್ತೇನೆ.

ಆರುವಾಗ ಫೋನಿನ ಬೆನ್ನು: ೪೭ ಡಿಗ್ರಿ. ಕೋಣೆ: ೩೬.

ಜೂನ್ ೭

ಫೋನಿನ ಕವಚ ಕಳಚಿದೆ. ಹತ್ತೊಂಬತ್ತು ನಿಮಿಷ. ೪೫.

ಕೋಣೆಯ ತಪ್ಪೂ ಇದೆ. ನಾಲ್ಕನೆಯ ಮಹಡಿಯ ತಾರಸಿಯ ಮೇಲೆ ತಗಡು ಹೊದಿಸಿ ಎಬ್ಬಿಸಿದ ಕೋಣೆ ಇದು. ಹಗಲಿಡೀ ಕುಡಿದ ಬಿಸಿಲನ್ನು ತಗಡು ಸಂಜೆ ನನಗೆ ಬಡಿಸುತ್ತದೆ. ಮೈನಸ್ ಅರವತ್ತರಿಂದ ಮೂವತ್ತಾರಕ್ಕೆ ತೊಂಬತ್ತಾರು ಡಿಗ್ರಿ. ಅಷ್ಟನ್ನು ದಿನಕ್ಕೆ ಎರಡು ಸಲ ದಾಟುತ್ತೇನೆ. ದೇಹ ಏನೂ ಹೇಳುವುದಿಲ್ಲ. ಫೋನು ಹೇಳುತ್ತದೆ.

ಕೋಠಿಯಲ್ಲಿ ಜೊತೆಗೆ ಕೆಲಸ ಮಾಡುವ ಮುದುಕ ಕೋ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಕೇಳಿದ.

"ಮೀನಿಗೆ ಹಿಡಿಯೋ ಥರ್ಮಾಮೀಟರ್ ಗನ್ನು ಮನೆಗ್ಯಾಕೆ ತಗೊಂಡೋಗ್ತಿದೀಯ? ಜ್ವರಾನಾ?"

"ಫೋನಿಗೆ."

"ಮಗಳ ಜೊತೆ ಮಾತಾಡ್ಬೇಕು ಅಂದ್ರೆ ಬಸ್ ಹತ್ತಯ್ಯ. ತೈಚುಂಗ್ ಏನು ಚಂದ್ರನ ಮೇಲಿದ್ಯಾ?"

"ರಜೆ ಇಲ್ಲ."

"ನಲವತ್ತು ದಿನದ ರಜೆ ಕೊಳೀತಾ ಬಿದ್ದಿದೆ ನಿಂದು. ಬೋರ್ಡಿಗೆ ಅಂಟಿಸಿದಾರೆ, ಹೋಗಿ ನೋಡು."

ಹೋಗಿ ನೋಡಿದೆ. ನಲವತ್ತೊಂದು.

ಜೂನ್ ೧೦

ಮೀನುಕಟ್ಟೆಯ ಪಕ್ಕ ಫೋನು ರಿಪೇರಿ ಮಾಡುವ ಅಖಿಮ್ ಹತ್ತಿರ ಹೋಗಿದ್ದೆ. ಫೋನಿನ ಬೆನ್ನನ್ನು ಕೆನ್ನೆಗೆ ಒತ್ತಿಕೊಂಡು ಪರೀಕ್ಷಿಸುತ್ತಾಳೆ, ಮಗುವಿನ ಜ್ವರ ನೋಡುವ ಹಾಗೆ.

"ಏನ್ ಹುಂಗ್ ಅಣ್ಣ, ಇದ್ರ ಮೇಲೆ ಮೀನು ಹುರೀತಿದ್ಯಾ?"

"ಆಟ ಆಡ್ತೀನಿ."

"ಈ ವಯಸ್ಸಲ್ಲಿ!"

"ಮಗಳ ಜೊತೆ."

"ಹಾಗಾದ್ರೆ ಮಾಫಿ. ಚಾರ್ಜಿಗೆ ಸಿಗಿಸ್ಕೊಂಡೇ ಆಡ್ತೀಯ ತಾನೆ? ಗೊತ್ತಾಗುತ್ತೆ, ಹೊಟ್ಟೆ ಉಬ್ಬಿದೆ ನೋಡು. ಒಂದ್ ಕಡೆ ತುಂಬ್ತೀಯ, ಇನ್ನೊಂದ್ ಕಡೆ ಹಿಂಡ್ತೀಯ. ಕಾಯದೆ ಏನ್ಮಾಡುತ್ತೆ ಪಾಪ."

ಹೊಸ ಬ್ಯಾಟರಿ ಹಾಕಿದಳು. ಆಟದ ಚಿತ್ರ ತೀರ ಒರಟಾಗುವಷ್ಟು ಇಳಿಸಿದಳು, ಬೆಳಕು ಅರ್ಧ ಮಾಡಿದಳು. ಬೆನ್ನಿಗೆ ಕಚ್ಚಿಕೊಳ್ಳುವ ಸಣ್ಣ ಫ್ಯಾನು ಕೊಟ್ಟಳು. ಬರುವಾಗ ಕೂಗಿ ಹೇಳಿದಳು: "ಐಸಿನ ಹತ್ರ ಮಾತ್ರ ಒಯ್ಯಬೇಡ, ಕೇಳಿಸ್ತಾ? ಒಳಗೆ ಬೆವರುತ್ತೆ!"

ಶೀತದ ವಿಷಯ ನನಗೆ ಹೇಳುತ್ತಾಳೆ.

ಇಪ್ಪತ್ತೆರಡು ನಿಮಿಷ. ೪೩. ಗುರಾಣಿಯವನ ಮುಖ ಈಗ ಸರಿಯಾಗಿ ಕಾಣುವುದಿಲ್ಲ, ಮೂರ್ನಾಲ್ಕು ಬಣ್ಣದ ಚೌಕಗಳು ಅಷ್ಟೆ. ಅವನಿಗೂ ಅದು ಒಗ್ಗುತ್ತದೆ ಎನ್ನಿಸಿತು.

ಜೂನ್ ೧೪

ಹೊರಗೆ ಗಾಳಿ ಇರಲಿಲ್ಲ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಕೊಟ್ಟಿತು.

ರೂಯಿನ್ ಚೆನ್ನಾಗಿ ಮಾತಾಡುತ್ತಿದ್ದಳು. ನಾನು ಗೋಪುರದ ಮುಂದೆ ಏಟು ತಿನ್ನುತ್ತಿದ್ದೆ.

"ಅಪ್ಪ, ಎಡಕ್ಕೆ ಬಾ, ಎಡಕ್ಕೆ! ಹಾಂ. ಫಾನ್ ಅಂಕಲ್‌ನ ವಿಯೆಟ್ನಾಂಗೆ ಹಾಕ್ತಾರಂತೆ."

ಫಾನ್ ಅವಳ ತಾಯಿ ಮದುವೆಯಾದವನು. ಶೂ ಕಾರ್ಖಾನೆಯಲ್ಲಿ ದೊಡ್ಡ ಕೆಲಸ.

"ಹೌದಾ?"

"ಅಲ್ಲಿ ಕಾರ್ಖಾನೆ ಶುರು ಮಾಡಿದಾರೆ. ಅಮ್ಮನೂ ಹೋಗ್ತಾಳಂತೆ. ಹುಷಾರು, ಪೊದೆ ಒಳಗಿದಾನೆ ಅವ್ನು! ಅಲ್ಲಿ ತೈವಾನಿನವ್ರದೇ ಸ್ಕೂಲಿದೆಯಂತೆ. ಅಮ್ಮ ಏನಂತಾಳೆ ಅಂದ್ರೆ..."

ಫೋನು ಆರಿತು. ಇಪ್ಪತ್ತೊಂದನೆಯ ನಿಮಿಷ, ೪೪.

ಮತ್ತೆ ಹೊತ್ತಿಸಿ ಕರೆ ಮಾಡಿದೆ. "ಅಮ್ಮ ಏನಂತಾಳೆ?" ಎಂದೆ. "ಏನಿಲ್ಲ ಬಿಡು. ನಾವು ಸೋತ್ವಿ," ಎಂದಳು. ಆಟವಿಲ್ಲದೆ ಅವಳು ಭಾನುವಾರದವಳು.

ಆ ಮಾತು ಮುಗಿಯುವ ತನಕವಾದರೂ ಫೋನು ತಡೆಯಬೇಕಿತ್ತು. ಇನ್ನು ಐದು ಡಿಗ್ರಿ ಇಳಿಸಿದರೆ ತಡೆಯುತ್ತದೆ.

ಜೂನ್ ೨೦

ಕೆಳಗಿನ ಅಂಗಡಿಗೆ ಅವಳ ಪಾರ್ಸಲ್ ಬಂದಿತ್ತು. ಜೋಳದ ಕುರುಕಲಿನ ಹಸಿರು ಪೊಟ್ಟಣ. ಯಂತ್ರಗಳ ಮೇಲೆ ಇಡುತ್ತಾರಲ್ಲ, ಅದು. "ಜಾಣಮರಿ" ಎಂಬರ್ಥದ ಹೆಸರು, ಯಂತ್ರ ಹಟ ಮಾಡದಿರಲಿ ಎಂದು. ಹಸಿರೇ ಆಗಬೇಕು, ದಿನಾಂಕ ಮೀರಿರಬಾರದು, ಒಡೆದು ತಿನ್ನಬಾರದು. ನಮ್ಮ ಕಂಪ್ರೆಸರಿನ ಮೇಲೆ ಮೂರಿವೆ. ನಾನು ನಂಬುವುದಿಲ್ಲ. ಆದರೆ ದಿನಾಂಕ ನೋಡಿ ಬದಲಿಸುವವನು ನಾನೇ.

ಪೊಟ್ಟಣದ ಮೇಲೆ ಬರೆಯಲು ಬಿಟ್ಟ ಖಾಲಿ ಜಾಗದಲ್ಲಿ ಮಾರ್ಕರಿನಲ್ಲಿ ಬರೆದಿದ್ದಳು: ಅಪ್ಪನ ಫೋನೇ, ಜಾಣ ಆಗಿರು. ಮಧ್ಯದಲ್ಲಿ ಬಾಯಿ ಮುಚ್ಚಿಸ್ಬೇಡ.

ಪೊಟ್ಟಣದ ದಿನಾಂಕ ಆಗಸ್ಟಿನವರೆಗೆ ಇದೆ. ಮೇಜಿನ ಮೇಲೆ ಇಟ್ಟೆ.

ಇಪ್ಪತ್ತೆರಡು ನಿಮಿಷ. ೪೩.

ಜೂನ್ ೨೨

ದೋಣಿಹಬ್ಬದ ರಜೆ. ಮನೆಯ ಒಡತಿ ಎರಡು ಎಲೆಗಡುಬು ಕೊಟ್ಟಳು, ಒಳಗೆ ಹಂದಿಮಾಂಸ, ಕಡಲೆಕಾಯಿ.

ಮೀನು ಸಾಗಿಸುವಾಗ ಇಡುವ ಜೆಲ್ಲಿನ ಹಿಮಚೀಲ ಕೋಠಿಯಿಂದ ತಂದಿದ್ದೆ. ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ ಅದರ ಮೇಲೆ ಫೋನು ಇಟ್ಟು ಆಡಿದೆ. ನಲವತ್ತು ನಿಮಿಷ, ಎರಡು ಆಟ. ೩೭! ಗೆದ್ದೆವು. ಅಖಿಮ್‌ಗೆ ಹೇಳಬೇಕು.

ರೂಯಿನ್ ನಗುತ್ತ ಅರಚಿದಳು. ಆಮೇಲೆ, ಎರಡನೆಯ ಆಟದ ನಡುವೆ:

"ಅಪ್ಪ, ನಿನ್ನ ರೂಮಲ್ಲಿ ಇನ್ನೊಂದು ಹಾಸಿಗೆ ಹಾಕೋಕೆ ಜಾಗ ಇದ್ಯಾ?"

"ಯಾಕೆ?"

"ಸುಮ್ನೆ. ಇದ್ಯಾ?"

"ಜಾಗ ಇದೆ. ಆದ್ರೆ ಬೇಸಿಗೇಲಿ ಮೂವತ್ತಾರು ಡಿಗ್ರಿ ಮಗಾ. ಮನುಷ್ಯರು ಇರೋಕಾಗಲ್ಲ."

"ನೀನು ಇದ್ದೀಯಲ್ಲ."

"ನಂಗೆ ಅಭ್ಯಾಸ."

"ಡೊಂಗ್‌ಗಾಂಗಲ್ಲೂ ಸ್ಕೂಲ್ ಇದೆ ಅಲ್ವಾ?"

"ಇದೆ. ಬಂದರಿನ ಮಕ್ಕಳು ಹೋಗೋದು. ನಿಂಗೆ ಹಿಡಿಸಲ್ಲ."

ಅವಳ ಆಳು ನನ್ನನ್ನು ದಾಟಿ ಹಿಂದಕ್ಕೆ ಓಡಿತು.

"ಹಿಂದೆ ಬಾ ಅಪ್ಪ. ಸಾಯ್ತೀಯ," ಎಂದಳು.

ಅವಳು ಏನನ್ನು ಅಳೆಯುತ್ತಿದ್ದಳೆಂದು ನನಗೆ ಗೊತ್ತಾಗದೆ ಇಲ್ಲ. ಆದರೆ ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಮಗುವಿನ ಮೇಲೆ ಭಾರ ಹೊರಿಸಿದಂತೆ. ಅವಳಾಗಿಯೇ ಕೇಳಲಿ.

ಜೂನ್ ೨೬

"ಹಲೋ? ಹಲೋ? ಅಪ್ಪ, ನಿನ್ನ ಧ್ವನಿ ಬರ್ತಿಲ್ಲ. ನೀರೊಳಗಿದ್ದೀಯಾ?"

ಆಮೇಲೆ ನೀರೊಳಗಿನ ದನಿಯೂ ಅವಳಿಗೆ ಮುಟ್ಟಲಿಲ್ಲ. ಬಟ್ಟೆ ಬಿಚ್ಚಿದಾಗ ಫೋನಿನ ಕೆಳತುದಿಯ ತೂತುಗಳಲ್ಲಿ ಹನಿಗಳು ಸಾಲಾಗಿ ಕೂತಿದ್ದವು. ಶೀತದ ವಿಷಯ ಗೊತ್ತಿದ್ದವನ ಫೋನು ಇದು. ಮೀನಿಗೆ ಬೆವರು ಕಟ್ಟಬಾರದೆಂದು ಇಪ್ಪತ್ತೊಂದು ವರ್ಷ ನೋಡಿಕೊಂಡಿದ್ದೇನೆ.

೩೬.

ಜೂನ್ ೨೭

ಅಖಿಮ್ ಭೂತಗನ್ನಡಿಯಲ್ಲಿ ನೋಡಿದಳು.

"ಹೇಳಿರ್ಲಿಲ್ವಾ? ಹೇಳಿರ್ಲಿಲ್ವಾ ನಾನು? ಮೈಕು ಸತ್ತಿದೆ. ಇಯರ್‌ಫೋನ್ ಸಿಗಿಸೋ ತೂತೂ ತುಕ್ಕು. ಕೇಳ್ಸೋದು ಕೇಳ್ಸುತ್ತೆ, ನೀನು ಹೇಳೋದು ಹೋಗಲ್ಲ."

"ರಿಪೇರಿ?"

"ಆಗುತ್ತೆ. ಒಳಗಿನ ಹಲಗೆನೇ ಬದಲಾಯಿಸ್ಬೇಕು. ಫೋನು ಇಲ್ಲಿ ಬಿಟ್ಟೋಗು, ಹತ್ತು ದಿನ."

"ಹತ್ತು ದಿನ ಆಟ ಇಲ್ಲ ಅಂದ್ರೆ ಆಗಲ್ಲ."

"ಹಾಗಾದ್ರೆ ಹಿಂಗೇ ಆಡು. ಒಂದು ಲಾಭ ಹೇಳ್ಲಾ? ಮಾತು ಇಲ್ದಿದ್ರೆ ಫೋನು ಅಷ್ಟು ಕಾಯಲ್ಲ. ಆಟ ಒಂದು ಕಡೆ, ಮಾತು ಒಂದು ಕಡೆ, ಎರಡೂ ಹೊರೋದಕ್ಕೇ ಅದು ಸಾಯ್ತಿದ್ದಿದ್ದು."

ಹತ್ತು ದಿನ ದೀರ್ಘ. ಹತ್ತು ದಿನದಲ್ಲಿ ಅವಳಿಗೆ ಬೇರೆ ಗುರಾಣಿಯವನು ಸಿಗುತ್ತಾನೆ. ಫೋನನ್ನು ಹಾಗೆಯೇ ತಂದೆ.

ಜುಲೈ ೧

ಅಖಿಮ್ ಹೇಳಿದ್ದು ನಿಜ. ಹಿಮಚೀಲವಿಲ್ಲದೆ, ಬರಿಯ ಫ್ಯಾನಿನಲ್ಲಿ ೩೮; ಸಂಜೆಯ ಮಳೆಗೆ ಕೋಣೆಯೂ ೩೧. ಮೂರು ಆಟ ಗೆದ್ದೆವು.

ಮಾತಿಗೆ ಬದಲು ಆಟದಲ್ಲೇ ಸಿದ್ಧ ಮಾಡಿಟ್ಟ ಮಾತುಗಳಿವೆ, ಒತ್ತಿದರೆ ಹೋಗುತ್ತವೆ. "ಮುನ್ನುಗ್ಗಿ", "ಹಿಂದೆ ಸರಿಯಿರಿ", "ನನಗಾಗಿ ಕಾಯಿರಿ", "ಚೆನ್ನಾಗಿ ಆಡಿದಿರಿ". ಮತ್ತೆ "ಮುಟ್ಟಿತು". ಕಚೇರಿಯ ಫೋನಿನ ಗುಂಪಿನಲ್ಲಿ ನಾವು ಬರೆಯುವುದೂ ಇದನ್ನೇ. ಮೇಲಿನವರು ಏನು ಹಾಕಿದರೂ ಒಂದು ನಿಮಿಷದೊಳಗೆ ಎಲ್ಲರೂ "ಮುಟ್ಟಿತು". ಬರೆಯದಿದ್ದರೆ ಸೊಕ್ಕು, ಅದಕ್ಕಿಂತ ಹೆಚ್ಚು ಬರೆದರೆ ಬೆಣ್ಣೆ. ಒಪ್ಪಿದೆ ಎಂದೂ ಅಲ್ಲ, ಓದಿದೆ ಎಂದೂ ಅಲ್ಲ. ಮುಟ್ಟಿತು, ಅಷ್ಟೆ. ಅದನ್ನು ಬಳಸಿ ಬಳಸಿ ನನ್ನ ಹೆಬ್ಬೆರಳಿಗೆ ದಾರಿ ಗೊತ್ತು.

ಮೈಕು ಸತ್ತದ್ದನ್ನು ರೂಯಿನ್‌ಗೆ ಟೈಪು ಮಾಡಿ ತಿಳಿಸಿದ್ದೆ. ಅವಳೊಬ್ಬಳೇ ಮಾತಾಡಿದಳು. ಕೇಳಿಸುತ್ತಿತ್ತು. ಕೊನೆಗೆ, "ಗೋಡೆ ಜೊತೆ ಮಾತಾಡ್ದಂಗಾಗುತ್ತಪ್ಪ," ಎಂದಳು.

ಮುಟ್ಟಿತು, ಎಂದು ಒತ್ತಿದೆ. ನಕ್ಕಳು. ಪರವಾಗಿಲ್ಲ, ನಕ್ಕಳು.

ಜುಲೈ ೩

ಆಟದಲ್ಲಿ ಅವಳ ಧ್ವನಿ ಕೇಳಿಸುವುದನ್ನೂ ಮುಚ್ಚಿ ನೋಡಿದೆ. ಇನ್ನೆರಡು ಡಿಗ್ರಿ ಇಳಿಯಿತು. ೩೬.

ಅವಳಿಗೆ ಹೇಳಬೇಕು. ಹೇಳಲು ಸಿದ್ಧಮಾತು ಇಲ್ಲ.

ಜುಲೈ ೫

ರಿಜಿಸ್ಟರ್ ಅಂಚೆ. ರೂಯಿನ್‌ಳ ತಾಯಿ ಪೇಲಾನ್ ಕಳಿಸಿದ್ದಾಳೆ. ಮಗಳನ್ನು ವಿಯೆಟ್ನಾಂಗೆ ಕರೆದುಕೊಂಡು ಹೋಗಿ ಅಲ್ಲಿ ಶಾಲೆಗೆ ಸೇರಿಸಲು ತಂದೆಯ ಒಪ್ಪಿಗೆ ಪತ್ರ. ವಿಚ್ಛೇದನದಲ್ಲಿ ಇಬ್ಬರಿಗೂ ಹಕ್ಕು ಎಂದು ಬರೆದಿದ್ದರಿಂದ ಸಹಿಯ ಬದಲು ಒತ್ತುವ ನನ್ನ ಹೆಸರಿನ ಮೊಹರಿಲ್ಲದೆ ಆಗುವುದಿಲ್ಲ. ತಾಯಿಯ ಮೊಹರು ಆಗಲೇ ಬಿದ್ದಿದೆ, ಸ್ವಲ್ಪ ಓರೆಯಾಗಿ. ಹಳದಿ ಚೀಟಿಯಲ್ಲಿ: "ಇಪ್ಪತ್ತೈದರೊಳಗೆ ಬೇಕು. ಬೇಡ ಅನ್ನಿಸಿದರೆ ಅದನ್ನಾದರೂ ಹೇಳು."

ಪೇಲಾನ್ ಯಾವಾಗಲೂ ಹೀಗೆ, "ಅದನ್ನಾದರೂ".

ಪತ್ರವನ್ನು ಅನ್ನ ಬೇಯಿಸುವ ಕುಕ್ಕರಿನ ಕೆಳಗೆ ಇಟ್ಟಿದ್ದೇನೆ, ಫ್ಯಾನಿನ ಗಾಳಿಗೆ ಹಾರದ ಹಾಗೆ. ಅಲ್ಲಿ ಒಳ್ಳೆಯ ಮನೆ ಇರುತ್ತದೆ, ಎ.ಸಿ. ಇರುತ್ತದೆ. ಇಲ್ಲಿ ತಗಡು. ತೂಗಿ ನೋಡುವುದಕ್ಕೇನೂ ಇಲ್ಲ. ಆದರೂ ಅವಳ ಮನಸ್ಸು ಏನೆಂದು ಅವಳ ಬಾಯಿಂದ ಕೇಳಿದ ಮೇಲೆ ಮೊಹರು ಹಾಕುತ್ತೇನೆ. ಇದನ್ನು ಬರೆದಿಡುತ್ತೇನೆ: ಕೇಳಿದ ಮೇಲೆ.

೩೬.

ಜುಲೈ ೬

೩೫. ಎರಡು ಗೆಲುವು.

ಜುಲೈ ೯

ಇಂದು ಆಟದ ಉದ್ದಕ್ಕೂ ಅವಳ ಹೆಸರಿನ ಪಕ್ಕದ ಸಣ್ಣ ತುತ್ತೂರಿ ಹಸಿರಾಗಿ ಮಿನುಗುತ್ತಿತ್ತು. ಮಾತಾಡುವವರ ಹೆಸರಿನ ಪಕ್ಕ ಅದು ಮಿನುಗುತ್ತದೆ, ಈ ಕಡೆ ಧ್ವನಿ ಮುಚ್ಚಿದ್ದರೂ. ಇಷ್ಟು ಹೊತ್ತು ಮಿನುಗಿದ್ದನ್ನು ನಾನು ನೋಡಿರಲಿಲ್ಲ. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಒಮ್ಮೆ ಬಹಳ ಹೊತ್ತು ನಿಂತಿತು. ಆಮೇಲೆ ತಡೆತಡೆದು ಮಿನುಗಿತು.

ಧ್ವನಿ ತೆರೆಯಲು ಮೂರು ಕಡೆ ಒತ್ತಬೇಕು. ಆ ಕಡೆಯ ಐವರೂ ನನ್ನ ಮೇಲೆ ಬಿದ್ದಿದ್ದರು. ನಾನು ಬಿದ್ದರೆ ಹಿಂದೆ ಅವಳು. ಈ ಹೊಡೆದಾಟ ಮುಗಿಯಲಿ ಎಂದುಕೊಂಡೆ. ಅದು ಮುಗಿದಾಗ ತುತ್ತೂರಿಯೂ ಆರಿತ್ತು.

ಅವಳು ಟೈಪು ಮಾಡಿದಳು: "ಕೇಳಿಸ್ತಾ ಅಪ್ಪ?"

ಮುಟ್ಟಿತು.

"ಎಲ್ಲಾ?"

ಮುಟ್ಟಿತು.

"ಹಾಗೇ ಮಾಡ್ತೀಯಾ?"

ಇಲ್ಲಿ ನಾನು ನಿಂತೆ. ಎಷ್ಟು ಹೊತ್ತೆಂದರೆ ಒಂದು ಗೋಪುರ ಬಿತ್ತು. ಧ್ವನಿ ಮುಚ್ಚಿತ್ತು, ಏನೂ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದು ಟೈಪು ಮಾಡಬಹುದಿತ್ತು. ಹಾಗೆ ಬರೆದರೆ ಯಾವಾಗಿಂದ ಮುಚ್ಚಿತ್ತು ಎಂದು ಕೇಳುತ್ತಾಳೆ. ಒಂದು ವಾರದಿಂದ. ಒಂದು ವಾರ ಅವಳು ಏನೇನು ಹೇಳಿದ್ದಳೋ.

ಮುಟ್ಟಿತು.

ಅವಳ ಆಳು ಓಡಿ ಬಂದು ನನ್ನ ಆಳಿನ ಸುತ್ತ ಮೂರು ಸುತ್ತು ಹಾಕಿತು. ಖುಷಿಯಾದಾಗ ಅವಳು ಹಾಗೆ ಮಾಡುತ್ತಾಳೆ.

ಸೋತೆವು. ೩೫.

ಜುಲೈ ೧೦

ಏನು ಹೇಳಿದ್ದಳೆಂದು ನನಗೆ ಗೊತ್ತಿಲ್ಲ.

ಮೇಲಿನ ಸಾಲನ್ನು ಮತ್ತೆ ಓದಿದೆ. ಗೊತ್ತಿದ್ದವನು ಬರೆದ ಹಾಗಿದೆ.

ಜುಲೈ ೧೩

೩೫. ೩೫. ೩೪. ಕಿಟಕಿಯ ಹತ್ತಿರ ಕೂತರೆ ಇನ್ನೂ ಅರ್ಧ ಡಿಗ್ರಿ ಕಡಿಮೆ. ಕಲ್ಲಂಗಡಿ ಸಿಪ್ಪೆ ದಿನವೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದಾಳೆ. ತುತ್ತೂರಿ ಮಿನುಗುವುದಿಲ್ಲ, ಹೇಳುವುದು ಮುಗಿದಿದೆ ಎಂಬಂತೆ. ಹುರುಪಿನಿಂದ ಆಡುತ್ತಾಳೆ. ಇಷ್ಟು ಚೆನ್ನಾಗಿ ನಾವು ಎಂದೂ ಆಡಿರಲಿಲ್ಲ.

ಜುಲೈ ೧೮

ಕೋಠಿಯ ಕಚೇರಿಯ ಫೋನಿಗೆ ಪೇಲಾನ್ ಕರೆ ಮಾಡಿದಳು. ಕೋ ಎತ್ತಿ, ಬಾಯಿಗೆ ಕೈ ಅಡ್ಡ ಹಿಡಿದು, "ನಿನ್ನ ಹಳೇ ಸರ್ಕಾರ," ಎಂದ.

"ನಿನ್ನ ಮೊಬೈಲಿಗೆ ಏನಾಗಿದೆ? ಎತ್ತುತ್ತೀಯ, ಮಾತಾಡಲ್ಲ," ಎಂದಳು.

"ಮೈಕು ಹೋಗಿದೆ."

"ಯಾವಾಗ?"

"ಆಯ್ತು ಸ್ವಲ್ಪ ದಿನ. ಆಟದಿಂದ."

"ಆಟದಿಂದ." ಅವಳು ಆ ಪದವನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡ ಹಾಗಿತ್ತು. "ನೋಡು, ರೂಯಿನ್ ಸೂಟ್‌ಕೇಸ್ ಕೂಡ ಮುಟ್ತಿಲ್ಲ. ಅಪ್ಪನ ಹತ್ರ ಎಲ್ಲಾ ಹೇಳಿದೀನಿ, ಅಪ್ಪ ಒಪ್ಕೊಂಡಿದಾರೆ ಅಂತಾಳೆ. ಏನು ಅಂತ ಕೇಳಿದ್ರೆ, ಅವ್ರನ್ನೇ ಕೇಳು ಅಂತಾಳೆ. ಏನು ಒಪ್ಕೊಂಡಿದೀಯ ನೀನು?"

ಕೋ ಪೇಪರು ಓದುವವನ ಹಾಗೆ ಕೂತಿದ್ದ. ಗೋಡೆಯ ಮೇಲಿನ ಅಂಕಿ ಮೈನಸ್ ಐವತ್ತೊಂಬತ್ತು ಪಾಯಿಂಟ್ ಆರು. ಬರೆಯುವ ಹೊತ್ತಾಗಿತ್ತು.

"ಹೇಳು. ಅವಳು ನಿನ್ನ ಹತ್ರ ಇರ್ತಾಳೆ ಅಂತಿದ್ರೆ ಅದನ್ನಾದ್ರೂ ಹೇಳು, ನಾನೇನು ರಾಕ್ಷಸಿ ಅಲ್ಲ. ಏನು ಒಪ್ಕೊಂಡೆ?"

"ಅವಳು ಹೋಗೋದಕ್ಕೆ," ಎಂದೆ.

"ಹಾಗಾ," ಎಂದಳು. "ನಾನು ಬೇರೆ ಏನೋ ಅಂದ್ಕೊಂಡಿದ್ದೆ."

"ಪತ್ರ ಮುಟ್ಟಿದೆ. ಮೊಹರು ಹಾಕಿ ಕಳಿಸ್ತೀನಿ."

ಇಟ್ಟ ಮೇಲೆ ಕೋ ಪೇಪರಿನ ಹಿಂದಿನಿಂದ ಕೇಳಿದ: "ಮಗು ಏನಂತು?"

"ಏನೂ ಇಲ್ಲ," ಎಂದೆ. ಅದು ಸುಳ್ಳಲ್ಲ, ನಾನು ಕೇಳಿಸಿಕೊಂಡದ್ದು ಏನೂ ಇಲ್ಲ.

ಜುಲೈ ೧೯

ಅವಳ ಬಾಯಿಂದ ಕೇಳಿದ ಮೇಲೆ ಎಂದು ಬರೆದಿದ್ದೆ. ಅವಳು ಹೇಳಿಯಾಗಿದೆ. ಇನ್ನು ಕೇಳಬೇಕಾದದ್ದಿಲ್ಲ.

ಇದನ್ನು ಹೊಡೆದು ಹಾಕಬೇಕೆನ್ನಿಸಿತು. ಲಾಗ್ ಪುಸ್ತಕದಲ್ಲಿ ಹೊಡೆದು ಹಾಕಬಾರದೆಂಬ ನಿಯಮವಿದೆ.

ಜುಲೈ ೨೦

ಮಧ್ಯಾಹ್ನದ ಬಿಡುವಿನಲ್ಲಿ ಮೊಹರು ಹಾಕಿದೆ. ಕಾಗದದ ಕೆಳಗೆ ಮೆತ್ತಗಿನ ಬಟ್ಟೆ ಮಡಿಸಿ ಇಟ್ಟು, ಕೆಂಪನ್ನು ಎರಡು ಸಲ ಹಚ್ಚಿ, ಒತ್ತಿ, ಮೂರು ಎಣಿಸಿ ಎತ್ತಿದೆ. ಒಂದು ಪ್ರತಿ ಇಟ್ಟುಕೊಂಡು ಒಂದನ್ನು ಅಂಚೆಗೆ ಹಾಕಿದೆ. ನಾಳೆಯೇ ತಲುಪುತ್ತದೆ.

ಸಂಜೆ ಒಂಬತ್ತರವರೆಗೆ ನಾಲ್ಕು ಆಟ. ೩೪.

ಜುಲೈ ೨೧

ಕಲ್ಲಂಗಡಿ ಸಿಪ್ಪೆ ಬರಲಿಲ್ಲ. ಆಟದ ಹೊಸ್ತಿಲಲ್ಲಿ ಎಂಟರವರೆಗೆ ನಿಂತಿದ್ದೆ. "ನನಗಾಗಿ ಕಾಯಿರಿ" ಎಂಬುದು ಇದೆ, "ನಾನು ಕಾಯುತ್ತಿದ್ದೇನೆ" ಎಂಬುದಿಲ್ಲ.

೩೧. ಈ ಬೇಸಿಗೆಯಲ್ಲೇ ಕಡಿಮೆ.

ಜುಲೈ ೨೨

ಬರಲಿಲ್ಲ. ೩೧.

ಜುಲೈ ೨೭

ಚಂಡಮಾರುತದ ರಜೆ. ತಗಡು ಹಾರಿಹೋಗುವ ಹಾಗೆ ಬಡಿದುಕೊಂಡಿತು. ಕೋಣೆ ಇಪ್ಪತ್ತಾರಕ್ಕೆ ಇಳಿದಿದೆ, ಯಾರು ಬೇಕಾದರೂ ಇರಬಹುದಾದ ಉಷ್ಣತೆ. ಎಲ್ಲಿ ಇನ್ನೊಂದು ಹಾಸಿಗೆ ಹಿಡಿಯುತ್ತದೆ ಎಂದು, ಸುಮ್ಮನೆ, ಅಳೆದು ನೋಡಿದೆ. ಹಿಡಿಯುತ್ತದೆ. ಕಿಟಕಿಯ ಕೆಳಗೆ, ಮೇಜನ್ನು ಸರಿಸಿದರೆ.

ಆಗಸ್ಟ್ ೩

ಬಂದಳು. ಹದಿಮೂರು ದಿನದ ಮೇಲೆ. ಏನೂ ಟೈಪು ಮಾಡಲಿಲ್ಲ, ಆಟಕ್ಕೆ ಕರೆದಳು, ಅಷ್ಟೆ. ನಾನು ಮುಂದೆ ನಿಂತು ಏಟು ತಿಂದೆ. ಧ್ವನಿ ತೆರೆದುಕೊಂಡೇ ಕೂತಿದ್ದೆ. ಆ ಕಡೆ ಫ್ಯಾನು ತಿರುಗುವುದು, ಯಾರೋ ಟೇಪು ಹರಿದು ಪೆಟ್ಟಿಗೆಗೆ ಅಂಟಿಸುವುದು ಕೇಳಿಸಿತು. ಅವಳು ಮಾತಾಡಲಿಲ್ಲ. ಗೆದ್ದೆವು.

ಕೊನೆಗೆ ಟೈಪು ಮಾಡಿದಳು: "ಅಲ್ಲಿ ಈ ಆಟದ ಸರ್ವರ್ ಬೇರೆ. ಈ ಅಕೌಂಟ್ ಅಲ್ಲಿ ನಡೆಯಲ್ಲ. ಹನ್ನೆರಡನೇ ತಾರೀಕು ಹೊರಡ್ತೀವಿ. ಕಾವ್‌ಶುಂಗಿಂದ ಫ್ಲೈಟು, ಅಲ್ಲಿ ಅಜ್ಜಿನ ನೋಡ್ಕೊಂಡು."

ನಾನು ಬರೆಯಲು ತೊಡಗಿದೆ. ಬರೆದದ್ದನ್ನು ಅಳಿಸಿದೆ. ಮತ್ತೆ ಬರೆದೆ. ಅಷ್ಟರಲ್ಲಿ ಅವಳ ಕಡೆಯಿಂದ ಬಂತು, ಸಿದ್ಧಮಾತು:

ಚೆನ್ನಾಗಿ ಆಡಿದಿರಿ.

೩೭. ಧ್ವನಿ ತೆರೆದದ್ದರಿಂದ.

ಆಗಸ್ಟ್ ೧೨

ಒಂದು ದಿನದ ರಜೆ ಹಾಕಿ ವಿಮಾನ ನಿಲ್ದಾಣಕ್ಕೆ ಹೋದೆ. ನಲವತ್ತರಲ್ಲಿ... ನಲವತ್ತೊಂದರಲ್ಲಿ ಒಂದು ಕಡಿಮೆ.

ಬೇಗ ಹೋಗಿದ್ದೆ. ಹೊರಡುವವರ ಫಲಕದ ಕೆಳಗೆ ಕಂಬಕ್ಕೆ ಒರಗಿ ನಿಂತಿದ್ದೆ. ಹಿಂದೆ ಯಾವುದೋ ಹುಡುಗಿ "ಅಪ್ಪ" ಎಂದು ಕರೆದಳು. ಸ್ವಲ್ಪ ದಪ್ಪ ದನಿ. ಸುತ್ತ ಬಹಳ ಜನ ಅಪ್ಪಂದಿರಿದ್ದರು. ಮತ್ತೆ ಕರೆದಳು. ಯಾರೋ ಮಗಳನ್ನು ಕಾಯಿಸುತ್ತಿದ್ದಾರೆ ಎಂದುಕೊಂಡೆ. ಮೂರನೆಯ ಸಲ ಕರೆದಾಗ ಕೂಡ ನಾನು ಫಲಕವನ್ನೇ ನೋಡುತ್ತಿದ್ದೆ.

ಅವಳು ಸುತ್ತಿ ಬಂದು ಎದುರಿಗೆ ನಿಂತಳು. ನನ್ನ ಕಿವಿಯವರೆಗೆ ಬಂದಿದ್ದಾಳೆ.

"ಕೇಳಿಸ್ಲಿಲ್ವಾ?" ಎಂದಳು. ರೂಯಿನ್.

"ಗಲಾಟೆ ಇತ್ತು."

"ಹೂಂ."

ಪೇಲಾನ್ ದೂರದಿಂದ ತಲೆ ಬಾಗಿಸಿದಳು. ಅವಳ ಪಕ್ಕದಲ್ಲಿದ್ದವನೂ ಬಾಗಿಸಿದ. ಅವರು ಪೆಟ್ಟಿಗೆಗಳ ಸಾಲಿನಲ್ಲಿ ನಿಂತರು, ನಮ್ಮನ್ನು ಬಿಟ್ಟು.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು."

ಆಮೇಲೆ ಒಬ್ಬರ ಉಸಿರನ್ನು ಒಬ್ಬರು ಕೇಳಿಸಿಕೊಂಡೆವು. ಅವಳ ಬೆರಳುಗಳು ಚೀಲದ ಪಟ್ಟಿಯ ಮೇಲೆ ಏನನ್ನೋ ಒತ್ತುತ್ತಿದ್ದವು.

"ಆ ಪತ್ರ ನೋಡ್ದೆ," ಎಂದಳು. "ಅಮ್ಮನ ಮೊಹರು ಓರೆಯಾಗಿದೆ. ನಿಂದು ಎಷ್ಟು ನೇರವಾಗಿದೆ ಅಪ್ಪ."

"ಕೆಳಗೆ ಬಟ್ಟೆ ಇಡ್ಬೇಕು," ಎಂದೆ. "ಒತ್ತಿ, ಮೂರು ಎಣಿಸ್ಬೇಕು. ಅವಸರ ಮಾಡಿದ್ರೆ ಓರೆ ಬೀಳುತ್ತೆ."

"ಮೂರು ಎಣಿಸ್ದ್ಯಾ?"

"ಎಣಿಸ್ದೆ."

ಅವಳು ತಲೆಯಾಡಿಸಿದಳು. ಯಾವುದೋ ಲೆಕ್ಕ ಸರಿಹೋಯಿತು ಎಂಬಂತೆ, ನಿಧಾನವಾಗಿ. ಆಮೇಲೆ, "ಹೊತ್ತಾಯ್ತು," ಎಂದಳು. ಹೋದಳು. ಗಾಜಿನ ಬಾಗಿಲಿನವರೆಗೂ ನೋಡಿದೆ. ಬೆನ್ನಿನ ಮೇಲೆ ಚೀಲ ದೊಡ್ಡದಾಗಿತ್ತು, ತಿರುಗಿ ನೋಡಿದಳೋ ಇಲ್ಲವೋ ಅದರಿಂದ ತಿಳಿಯಲಿಲ್ಲ.

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪತ್ರದ ನನ್ನ ಪ್ರತಿ ಜೇಬಿನಲ್ಲಿತ್ತು. ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದೆ.

ನೇರವಾಗಿಯೇ ಇದೆ.